ಫೋಕಸ್ ಮೋಡ್‌ಗಳು, ಬ್ಲಾಕರ್‌ಗಳು: ಯಾವುದು ಎಷ್ಟು ತಡೆಯುತ್ತದೆ?

ಗಮನ ಕಾಯುವ ಟೂಲ್ ಯಾವುದೇ ಇರಲಿ, ಹಾಕಿಕೊಂಡ ಮೊದಲ ದಿನ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅದರ ಯೋಗ್ಯತೆ ಗೊತ್ತಾಗುವುದು ಮೂರನೇ ವಾರದಲ್ಲಿ. ಊಟ ಮುಗಿಸಿ ಕೂತಿದ್ದೀರಿ, ಸ್ಪ್ರೆಡ್‌ಶೀಟಿನ ಲೆಕ್ಕ ಹೊಂದುತ್ತಿಲ್ಲ, ಕೈ ತಾನಾಗಿ ಫೋನಿನ ಕಡೆ ಹೋಗುತ್ತದೆ. ಆ ಹೊತ್ತಿನಲ್ಲಿ ಪರದೆ ಏನು ತೋರಿಸುತ್ತದೆ, ಅದನ್ನು ದಾಟಿಹೋಗಲು ಎಷ್ಟು ಸಲ ಒತ್ತಬೇಕು? ಈ ವಿಮರ್ಶೆಯಲ್ಲಿ ಅಳೆದಿರುವುದು ಅದನ್ನೇ. ಅಂದಚಂದ, ಥೀಮ್, ಗ್ರಾಫ್‌ಗಳಿಗೆ ಇಲ್ಲಿ ಬೆಲೆಯಿಲ್ಲ.

ಗಮನ ತಪ್ಪುವುದಕ್ಕೆ ಎರಡು ಬಾಗಿಲು. ಹೊರಗಿನ ಬಾಗಿಲಿನಿಂದ ಚಾಟ್, ಮೇಲ್, ಕರೆ, ಪರದೆಯ ಮೂಲೆಯಲ್ಲಿ ಜಾರಿಬರುವ ಪಾಪ್‌ಅಪ್ ಒಳಗೆ ಬರುತ್ತವೆ. ಒಳಗಿನ ಬಾಗಿಲಿನಿಂದ ಯಾರೂ ಕರೆಯದಿದ್ದರೂ ನಾವೇ ಎದ್ದು ಹೋಗುತ್ತೇವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್ಸಿನ ಗ್ಲೋರಿಯಾ ಮಾರ್ಕ್ ಮತ್ತು ಸಂಗಡಿಗರು ಕಚೇರಿ ನೌಕರರ ಹಿಂದೆ ಗಡಿಯಾರ ಹಿಡಿದು ಕೂತು ದಿನಗಟ್ಟಲೆ ಗಮನಿಸಿ, 2004ರಲ್ಲಿ ಅದನ್ನು ಪ್ರಕಟಿಸಿದರು. ಹೊರಗಿನವರು ತಡೆಯುವಷ್ಟೇ, ಹೆಚ್ಚುಕಡಿಮೆ ಅಷ್ಟೇ ಸಲ, ಜನ ತಮ್ಮ ಕೆಲಸವನ್ನು ತಾವೇ ತುಂಡರಿಸಿಕೊಳ್ಳುತ್ತಿದ್ದರು. ಫೋನ್, ಕಂಪ್ಯೂಟರ್ ಜೊತೆಗೇ ಬರುವ ಫೋಕಸ್ ಮೋಡ್‌ಗಳು ಬಹುಪಾಲು ಹೊರಗಿನ ಬಾಗಿಲನ್ನಷ್ಟೇ ಮುಚ್ಚುತ್ತವೆ. "ಫೋಕಸ್ ಹಾಕಿದ್ದೆ, ಆದರೂ ಏನೂ ಉಪಯೋಗವಾಗಲಿಲ್ಲ" ಎಂಬ ದೂರಿನ ಬೇರು ಇಲ್ಲಿದೆ. ಟೂಲ್ ಕೆಟ್ಟದ್ದೇನಲ್ಲ, ಅದಕ್ಕೆ ವಹಿಸಿದ ಕೆಲಸ ಅದರದ್ದಲ್ಲ.

ವಿಂಡೋಸ್ 11ರ ಫೋಕಸ್

ಇದನ್ನು ಶುರುಮಾಡಲು ಸೆಟ್ಟಿಂಗ್ಸ್ ತನಕ ಹೋಗಬೇಕಿಲ್ಲ. ವಿಂಡೋಸ್ ಕೀ ಜೊತೆ ಎನ್ ಒತ್ತಿ. ಬಲಗಡೆ ನೋಟಿಫಿಕೇಶನ್ ಪಟ್ಟಿ ತೆರೆಯುತ್ತದೆ. ಕ್ಯಾಲೆಂಡರಿನ ಬುಡದಲ್ಲಿ 30 ನಿಮಿಷ ಎಂದು ತೋರಿಸುವ ಸಾಲಿದೆ. ಅಲ್ಲೇ ಹೆಚ್ಚುಕಡಿಮೆ ಮಾಡಿ ಫೋಕಸ್ ಒತ್ತಿದರೆ ಸೆಷನ್ ಶುರು. ಡು ನಾಟ್ ಡಿಸ್ಟರ್ಬ್ ತಾನಾಗಿ ಆನ್ ಆಗುತ್ತದೆ. ಟಾಸ್ಕ್‌ಬಾರಿನ ಐಕಾನ್‌ಗಳ ಮೇಲಿನ ಎಣಿಕೆಯ ಚುಕ್ಕೆ ಮಾಯವಾಗುತ್ತದೆ, ಹೊಸ ಮೆಸೇಜ್ ಬಂದಾಗ ಐಕಾನ್ ಮಿನುಗುವುದೂ ನಿಲ್ಲುತ್ತದೆ. ಈ ಕೊನೆಯದು ಚಿಕ್ಕ ವಿಷಯದಂತೆ ಕಂಡರೂ ಈ ಟೂಲಿನ ಅತಿ ಒಳ್ಳೆಯ ಅಂಶ ಅದೇ. ಸದ್ದು ಬಂದ್ ಮಾಡಿದರೂ ಕಣ್ಣಂಚಿನಲ್ಲಿ ಮಿನುಗುವ ವಸ್ತುವನ್ನು ನೋಡದೆ ಇರುವುದು ಕಷ್ಟ.

ಒಮ್ಮೆ ಮಾತ್ರ ಸೆಟ್ಟಿಂಗ್ಸ್‌ಗೆ ಹೋಗಿ, ಸಿಸ್ಟಮ್, ನೋಟಿಫಿಕೇಶನ್ಸ್ ಒಳಗೆ ಪ್ರಯಾರಿಟಿ ಪಟ್ಟಿಯನ್ನು ತೆರೆದು ನೋಡಬೇಕು. ಡು ನಾಟ್ ಡಿಸ್ಟರ್ಬ್ ಇದ್ದರೂ ದಾಟಿ ಬರುವವು ಇಲ್ಲಿರುವವೇ. ಒಳಬರುವ ಕರೆ ಮತ್ತು ರಿಮೈಂಡರ್‌ಗಳಿಗೆ ಟಿಕ್ ಇರಲಿ, ಇಲ್ಲದಿದ್ದರೆ ಮೀಟಿಂಗ್ ತಪ್ಪುತ್ತದೆ. ಮೀಟಿಂಗ್ ತಪ್ಪಿದ ಮರುದಿನವೇ ಜನ ಫೋಕಸನ್ನು ಶಾಶ್ವತವಾಗಿ ಕೈಬಿಡುತ್ತಾರೆ. ಆ್ಯಪ್‌ಗಳ ಪಟ್ಟಿಯಲ್ಲಿ ಒಂದೆರಡಕ್ಕಿಂತ ಹೆಚ್ಚು ಇಡಬೇಡಿ.

ತೂತು ಎಲ್ಲಿದೆ ಅಂದರೆ ಬ್ರೌಸರಿನಲ್ಲಿ. ಮೇಲ್ ಅಥವಾ ಚಾಟ್ ಅನ್ನು ಟ್ಯಾಬ್‌ನಲ್ಲಿ ತೆರೆದಿಟ್ಟಿದ್ದರೆ ಟ್ಯಾಬಿನ ಹೆಸರಿನಲ್ಲೇ ಓದದ ಮೆಸೇಜುಗಳ ಸಂಖ್ಯೆ ಕೂತಿರುತ್ತದೆ: ಮೊದಲು 2, ಸ್ವಲ್ಪ ಹೊತ್ತಿಗೆ 3. ವಿಂಡೋಸ್‌ಗೆ ಅದು ನೋಟಿಫಿಕೇಶನ್ ಅಲ್ಲ, ಬರೀ ಅಕ್ಷರ, ಹಾಗಾಗಿ ಫೋಕಸ್ ಅದನ್ನು ಮುಟ್ಟುವುದೇ ಇಲ್ಲ. ನಮ್ಮ ಕಣ್ಣಿಗೆ ಮಾತ್ರ ಅದಕ್ಕಿಂತ ದೊಡ್ಡ ನೋಟಿಫಿಕೇಶನ್ ಬೇರೆ ಇಲ್ಲ. ಟ್ಯಾಬನ್ನು ಪಿನ್ ಮಾಡಿದರೆ ಹೆಸರು ಹೋಗಿ ಐಕಾನ್ ಉಳಿಯುತ್ತದೆ, ಆದರೆ ಕೆಲವು ಸೈಟುಗಳು ಐಕಾನಿನ ಮೇಲೂ ಚುಕ್ಕೆ ಹಾಕುತ್ತವೆ. ಮೇಲ್, ಚಾಟ್‌ಗಳನ್ನು ಬೇರೆ ವಿಂಡೋಗೆ ಎಳೆದು ಮಿನಿಮೈಸ್ ಮಾಡಿಡುವುದೇ ಸರಿ. ಕೆಲವು ಚಾಟ್ ಆ್ಯಪ್‌ಗಳು ವಿಂಡೋಸಿನದ್ದನ್ನು ಬಿಟ್ಟು ಸ್ವಂತ ಪಾಪ್‌ಅಪ್ ತೋರಿಸುತ್ತವೆ. ಅವಕ್ಕೂ ವಿಂಡೋಸಿನ ಮೌನವ್ರತ ಲೆಕ್ಕಕ್ಕಿಲ್ಲ. ಫೋಕಸ್ ಆನ್ ಮಾಡಿ, ಪಕ್ಕದ ಸೀಟಿನವರಿಗೆ ಒಂದು ಮೆಸೇಜ್ ಕಳಿಸಲು ಹೇಳಿ. ಏನೂ ಕಾಣದಿದ್ದರೆ, ಏನೂ ಕೇಳದಿದ್ದರೆ ಮಾತ್ರ ಸೆಟ್ಟಿಂಗ್ ಪಾಸ್.

ಇನ್ನು ಒಳಗಿನ ಬಾಗಿಲಿನ ವಿಷಯದಲ್ಲಿ ಇದರ ಸಾಧನೆ ಸೊನ್ನೆ. ಯಾವ ಸೈಟನ್ನೂ, ಯಾವ ಆ್ಯಪನ್ನೂ ಇದು ತಡೆಯುವುದಿಲ್ಲ. ಟೈಮರ್ ಓಡುತ್ತಿರುತ್ತದೆ, ಅದರ ಪಕ್ಕದಲ್ಲೇ ಕ್ರಿಕೆಟ್ ಸ್ಕೋರೂ ಓಡುತ್ತಿರುತ್ತದೆ.

ಐಫೋನಿನ ಫೋಕಸ್ ಮತ್ತು ಸ್ಕ್ರೀನ್ ಟೈಮ್

ಇವೆರಡನ್ನೂ ಒಂದೇ ಎಂದುಕೊಳ್ಳುವವರೇ ಹೆಚ್ಚು. ಸ್ಕ್ರೀನ್ ಟೈಮ್ 2018ರಲ್ಲಿ ಐಓಎಸ್ 12ರ ಜೊತೆ ಬಂದದ್ದು, ಆ್ಯಪ್‌ಗೆ ಮಿತಿ ಹಾಕುವುದು ಅದರ ಕೆಲಸ. ಫೋಕಸ್ 2021ರಲ್ಲಿ ಐಓಎಸ್ 15ರ ಜೊತೆ ಬಂದದ್ದು, ನೋಟಿಫಿಕೇಶನ್ ಸೋಸುವುದು ಅದರ ಕೆಲಸ. ಫೋಕಸ್ ಆನ್ ಇದ್ದರೂ ಯಾವ ಆ್ಯಪನ್ನು ಬೇಕಾದರೂ ಆರಾಮಾಗಿ ತೆರೆಯಬಹುದು.

ಫೋಕಸ್‌ನಲ್ಲಿ ವರ್ಕ್ ಆಯ್ಕೆ ಮಾಡಿದಾಗ ಜನ ಮತ್ತು ಆ್ಯಪ್ ಎರಡಕ್ಕೂ ಎರಡು ರೀತಿಯ ಪಟ್ಟಿ ಕೇಳುತ್ತದೆ: ಇವರನ್ನು ಬಿಡು, ಇಲ್ಲವೇ ಇವರನ್ನು ಸುಮ್ಮನಿರಿಸು. ಆ್ಯಪ್‌ಗಳಿಗೆ ಯಾವಾಗಲೂ "ಬಿಡು" ಪಟ್ಟಿಯನ್ನೇ ಆರಿಸಿ. "ಸುಮ್ಮನಿರಿಸು" ಆರಿಸಿದರೆ ಮುಂದಿನ ತಿಂಗಳು ಹಾಕಿಕೊಂಡ ಹೊಸ ಆ್ಯಪ್ ಪಟ್ಟಿಯಲ್ಲಿರುವುದಿಲ್ಲ, ರಾಜಾರೋಷವಾಗಿ ಒಳಗೆ ಬರುತ್ತದೆ. ಎರಡು ತಿಂಗಳಲ್ಲಿ ಫೋಕಸ್ ಜರಡಿಯಾಗುವುದು ಹೀಗೆ. ತುರ್ತು ಎನ್ನಿಸಿಕೊಂಡವನ್ನು ಫೋಕಸ್ ದಾಟಿ ಬರಲು ಬಿಡುವ ಟೈಮ್ ಸೆನ್ಸಿಟಿವ್ ನೋಟಿಫಿಕೇಶನ್ ಎಂಬ ಸ್ವಿಚ್ಚನ್ನೂ ನೋಡಿಕೊಳ್ಳಿ. ಯಾವುದು ತುರ್ತು ಎಂದು ತೀರ್ಮಾನಿಸುವ ಅಧಿಕಾರ ಅಲ್ಲಿ ಆ್ಯಪ್ ಮಾಡಿದವರ ಕೈಯಲ್ಲಿದೆ.

ಮನೆಯಲ್ಲಿ ವಯಸ್ಸಾದವರೋ ಸಣ್ಣ ಮಕ್ಕಳೋ ಇರುವವರಿಗೆ ಫೋನ್ ಮುಚ್ಚಿಡಲು ಭಯ. ಅದಕ್ಕೆ ಮರುಕರೆಯ ವ್ಯವಸ್ಥೆಯಿದೆ: ಒಬ್ಬರೇ ಮೂರು ನಿಮಿಷದೊಳಗೆ ಎರಡನೇ ಸಲ ಕರೆ ಮಾಡಿದರೆ ಐಫೋನ್ ರಿಂಗ್ ಆಗುತ್ತದೆ. ಆಂಡ್ರಾಯ್ಡ್‌ನಲ್ಲಿ ಈ ಅವಧಿ 15 ನಿಮಿಷ. ಈ ವಿಷಯವನ್ನು ಮನೆಯವರಿಗೆ ಹೇಳಿಡಬೇಕು, ಇಲ್ಲದಿದ್ದರೆ ಒಮ್ಮೆ ಮಾಡಿ ಸುಮ್ಮನಾಗುತ್ತಾರೆ.

ಸ್ಕ್ರೀನ್ ಟೈಮ್‌ಗೆ ಬರೋಣ. ದಿನಕ್ಕೆ 20 ನಿಮಿಷ ಎಂದು ಮಿತಿ ಹಾಕಿದ್ದೀರಿ, ಮುಗಿಯಿತು. ಪರದೆ ತುಂಬ ಮರಳುಗಡಿಯಾರದ ಚಿತ್ರ, ಕೆಳಗೆ "ಇಗ್ನೋರ್ ಲಿಮಿಟ್" ಎಂಬ ಸಾಲು. ಅದನ್ನು ಒತ್ತಿದರೆ ಇನ್ನೊಂದು ನಿಮಿಷ, 15 ನಿಮಿಷ ಬಿಟ್ಟು ನೆನಪಿಸು, ಇವತ್ತಿಗೆ ಮಿತಿಯೇ ಬೇಡ ಎಂಬ ಆಯ್ಕೆಗಳು. ಮೂರನೆಯದನ್ನು ಒತ್ತಲು ಒಂದು ಸೆಕೆಂಡ್ ಸಾಕು. ಒಂದು ವಾರ ಕಳೆದ ಮೇಲೆ ಹೆಬ್ಬೆರಳು ಆ ಜಾಗವನ್ನು ಕಂಠಪಾಠ ಮಾಡಿರುತ್ತದೆ, ಪರದೆಯಲ್ಲಿ ಏನಿದೆ ಎಂದು ಓದುವುದೂ ಇಲ್ಲ. ಇದನ್ನು ಬೀಗ ಅನ್ನುವಂತಿಲ್ಲ, ಬಾಗಿಲಿಗೆ ಇಳಿಬಿಟ್ಟ ಬಟ್ಟೆ ಅಷ್ಟೇ.

ಬೀಗ ಮಾಡುವುದೂ ಸಾಧ್ಯ. ಸ್ಕ್ರೀನ್ ಟೈಮ್ ಪಾಸ್‌ಕೋಡ್ ಹಾಕಿದ ಮೇಲೆ, ಮಿತಿಯ ಪುಟದಲ್ಲಿ "ಬ್ಲಾಕ್ ಅಟ್ ಎಂಡ್ ಆಫ್ ಲಿಮಿಟ್" ಎಂಬ ಸ್ವಿಚ್ ಸಿಗುತ್ತದೆ. ಅದು ಆನ್ ಇದ್ದರೆ ಪಾಸ್‌ಕೋಡ್ ಇಲ್ಲದೆ ಮುಂದೆ ಹೋಗಲಾಗದು. ಆ ನಾಲ್ಕು ಅಂಕಿ ನಿಮಗೆ ಗೊತ್ತಿದ್ದರೆ ಮತ್ತೆ ಅದೇ ಕಥೆ. ಗೆಳೆಯರೋ ಮನೆಯವರೋ ಅದನ್ನು ಒತ್ತಿ ತಾವೇ ಇಟ್ಟುಕೊಳ್ಳಲಿ. ನಾಚಿಕೆ ಅನ್ನಿಸಬಹುದು, ಆದರೆ ಇಡೀ ಸ್ಕ್ರೀನ್ ಟೈಮ್‌ನಲ್ಲಿ ನಿಜವಾಗಿ ಹಿಡಿದು ನಿಲ್ಲಿಸುವ ಭಾಗ ಇದೊಂದೇ.

ಅದರ ವರದಿಯಲ್ಲಿ ಒಟ್ಟು ಗಂಟೆಗಳನ್ನು ನೋಡಿ ಕೊರಗಬೇಡಿ. ಮ್ಯಾಪ್ ಹಾಕಿಕೊಂಡು ಗಾಡಿ ಓಡಿಸಿದ್ದೂ ಅದರಲ್ಲಿ ಸೇರಿರುತ್ತದೆ. ಕೆಳಗೆ ಪಿಕಪ್ಸ್ ಎಂಬ ಲೆಕ್ಕವಿದೆ: ದಿನಕ್ಕೆ ಎಷ್ಟು ಸಲ ಫೋನ್ ಎತ್ತಿದಿರಿ, ಎತ್ತಿದ ಕೂಡಲೇ ಮೊದಲು ತೆರೆದದ್ದು ಯಾವ ಆ್ಯಪ್ ಎಂದು ಅಲ್ಲಿದೆ. ಬ್ಲಾಕ್ ಮಾಡಬೇಕಾದದ್ದು ಅಲ್ಲಿ ಮೇಲಿರುವ ಎರಡು ಹೆಸರುಗಳನ್ನು. ಉಳಿದವು ಅವುಗಳ ಹಿಂದೆ ಬಂದವು.

ಆಂಡ್ರಾಯ್ಡ್‌ನ ಡಿಜಿಟಲ್ ವೆಲ್‌ಬೀಯಿಂಗ್

ಇಲ್ಲಿನ ಫೋಕಸ್ ಮೋಡ್ ಐಫೋನಿನದ್ದಕ್ಕಿಂತ ಒಂದು ಹೆಜ್ಜೆ ಮುಂದೆ. ಆರಿಸಿದ ಆ್ಯಪ್‌ಗಳ ಐಕಾನ್ ಬೂದು ಬಣ್ಣಕ್ಕೆ ತಿರುಗುತ್ತದೆ, ನೋಟಿಫಿಕೇಶನ್ ನಿಲ್ಲುತ್ತದೆ, ಆ್ಯಪ್ ಕೂಡ ತೆರೆಯುವುದಿಲ್ಲ. ವಾರದ ದಿನ, ಹೊತ್ತು ನಿಗದಿ ಮಾಡಿಟ್ಟರೆ ತಾನಾಗಿ ಆನ್ ಆಗುತ್ತದೆ. ಎರಡೂ ಬಾಗಿಲಿಗೆ ಕೈಹಾಕಿದ ಉಚಿತ ಟೂಲ್ ಇದು ಎಂಬ ಮಟ್ಟಿಗೆ ಮೆಚ್ಚಲೇಬೇಕು. ಆದರೆ "ಟೇಕ್ ಎ ಬ್ರೇಕ್" ಎಂದು 5, 15, 30 ನಿಮಿಷದ ರಜೆ ಕೊಡುವ ಬಟನ್ ನೋಟಿಫಿಕೇಶನ್ ಪಟ್ಟಿಯಲ್ಲೇ ಕೂತಿರುತ್ತದೆ, ಪಾಸ್‌ವರ್ಡ್ ಕೇಳುವುದಿಲ್ಲ. ಆ್ಯಪ್ ನಿಂತರೂ ಅದೇ ಸೈಟ್ ಬ್ರೌಸರಿನಲ್ಲಿ ತೆರೆಯುತ್ತದೆ. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ಬುದ್ಧಿ ನಮ್ಮದು. ಹಾಗಾಗಿ ಆ ಸೈಟುಗಳಲ್ಲಿ ಲಾಗ್‌ಔಟ್ ಮಾಡಿ, ಬ್ರೌಸರಿಗೆ ಪಾಸ್‌ವರ್ಡ್ ನೆನಪಿಡಲು ಬಿಡದೆ ಇಡಿ. ಫೋನ್ ಕಂಪನಿ ಬದಲಾದರೆ ಮೆನು ಹೆಸರುಗಳೂ ಬದಲಾಗುತ್ತವೆ. ಸೆಟ್ಟಿಂಗ್ಸ್‌ನ ಹುಡುಕು ಪೆಟ್ಟಿಗೆಯಲ್ಲಿ ಫೋಕಸ್ ಎಂದು ಟೈಪಿಸುವುದು ಸುಲಭ.

ಒಳಗಿನ ಬಾಗಿಲಿಗೆ: ಲೀಚ್‌ಬ್ಲಾಕ್, ಕೋಲ್ಡ್ ಟರ್ಕಿ, ಸೆಲ್ಫ್‌ಕಂಟ್ರೋಲ್

ಲೀಚ್‌ಬ್ಲಾಕ್ ಫೈರ್‌ಫಾಕ್ಸ್, ಕ್ರೋಮ್, ಎಡ್ಜ್‌ಗಳಿಗೆ ಸಿಗುವ ಉಚಿತ ಎಕ್ಸ್‌ಟೆನ್ಶನ್, ಅಂದರೆ ಬ್ರೌಸರಿಗೆ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಮ್. ನೋಡಲು ಹತ್ತು ವರ್ಷ ಹಳೆಯ ಸರ್ಕಾರಿ ಫಾರ್ಮಿನ ಹಾಗಿದೆ, ಕೆಲಸದಲ್ಲಿ ಮಾತ್ರ ಈ ಪಟ್ಟಿಯ ಎಲ್ಲಕ್ಕಿಂತ ಸೂಕ್ಷ್ಮ. ಸೈಟುಗಳನ್ನು ಗುಂಪು ಮಾಡಿ, ಪ್ರತಿ ಗುಂಪಿಗೂ ಬೇರೆ ನಿಯಮ ಹಾಕಬಹುದು. ಸಮಯವನ್ನು 0900-1300,1400-1700 ಎಂದು ಬರೆದರೆ ಊಟದ ಹೊತ್ತು ಬಿಟ್ಟು ಉಳಿದದ್ದಕ್ಕೆ ತಡೆ. ಗಂಟೆಗೆ ಇಂತಿಷ್ಟು ನಿಮಿಷ ಎಂದೂ ಕೊಡಬಹುದು. ಒಂದು ಸೈಟನ್ನು ಪೂರ್ತಿ ತಡೆದು ಅದರಲ್ಲಿ ಕೆಲಸಕ್ಕೆ ಬೇಕಾದ ಪುಟವನ್ನು ಮಾತ್ರ ಬಿಡಬೇಕೆಂದರೆ ಆ ವಿಳಾಸದ ಮುಂದೆ + ಚಿಹ್ನೆ ಹಾಕಿ. ವಿಡಿಯೊ ಸೈಟಿನಲ್ಲಿ ಪಾಠ ನೋಡಬೇಕಾದವರಿಗೆ, ಮುಖಪುಟದ ಗೋಜಲಿಗೆ ಬೀಳದೆ ನೇರ ಆ ಪಾಠಕ್ಕೆ ಹೋಗಲು ಇದು ಹೇಳಿ ಮಾಡಿಸಿದ ದಾರಿ.

ಇದರ ಅತ್ಯುತ್ತಮ ಭಾಗ ಪೂರ್ತಿ ತಡೆಯುವುದಲ್ಲ, ಕಾಯಿಸುವುದು. ಡಿಲೇಯಿಂಗ್ ಪೇಜ್ ಆರಿಸಿದರೆ ಸೈಟ್ ತೆರೆಯುವ ಮುನ್ನ ಖಾಲಿ ಪುಟದಲ್ಲಿ ಸೆಕೆಂಡುಗಳು ಇಳಿಯುತ್ತ ಬರುತ್ತವೆ. 60ಕ್ಕೆ ಇಡಿ. ಅಭ್ಯಾಸದಿಂದ ತೆರೆದವರು ನಲವತ್ತಕ್ಕೆ ಬರುವಷ್ಟರಲ್ಲಿ ಟ್ಯಾಬ್ ಮುಚ್ಚಿರುತ್ತಾರೆ. ನಿಜವಾಗಿ ಬೇಕಿದ್ದವರು ಕಾದು ಒಳಗೆ ಹೋಗುತ್ತಾರೆ. ಪೂರ್ತಿ ತಡೆ ಹಾಕಿದಾಗ ಒಂದಲ್ಲ ಒಂದು ದಿನ ಕೆಲಸಕ್ಕೇ ಆ ಸೈಟ್ ಬೇಕಾಗಿ ಎಕ್ಸ್‌ಟೆನ್ಶನನ್ನೇ ಕಿತ್ತುಹಾಕುವ ಪ್ರಸಂಗ ಬರುತ್ತದೆ. ಕಾಯಿಸುವ ಪುಟಕ್ಕೆ ಆ ಗತಿ ಬರುವುದು ಕಡಿಮೆ. ಕೊರತೆಯೆಂದರೆ ಇನ್ನೊಂದು ಬ್ರೌಸರ್ ತೆರೆದರೆ ಇದರ ಆಟ ಮುಗಿಯಿತು. ಇನ್‌ಕಾಗ್ನಿಟೊ ಎಂಬ ಖಾಸಗಿ ವಿಂಡೋದಲ್ಲಿ ಇದು ಓಡಲು ಬ್ರೌಸರಿನ ಎಕ್ಸ್‌ಟೆನ್ಶನ್ ಪುಟದಲ್ಲಿ ಬೇರೆ ಅನುಮತಿ ಕೊಡಬೇಕು, ಇದನ್ನು ಮರೆಯುವವರೇ ಜಾಸ್ತಿ.

ಕೋಲ್ಡ್ ಟರ್ಕಿ ಬ್ಲಾಕರ್ ವಿಂಡೋಸ್, ಮ್ಯಾಕ್‌ಗಳಿಗೆ. ಇದು ಕಂಪ್ಯೂಟರಿನ ಮಟ್ಟದಲ್ಲಿ ಕೂತು ಬ್ರೌಸರುಗಳನ್ನು ಕಾಯುತ್ತದೆ. ಉಚಿತ ಆವೃತ್ತಿಯಲ್ಲಿ ಸೈಟುಗಳನ್ನು ತಡೆಯಬಹುದು. ಆ್ಯಪ್ ತಡೆಯಲು, ವೇಳಾಪಟ್ಟಿ ಹಾಕಲು ದುಡ್ಡು ಕೊಡಬೇಕು, ಆದರೆ ತಿಂಗಳ ಬಾಡಿಗೆಯಲ್ಲ, ಒಮ್ಮೆ ಕೊಟ್ಟರೆ ಮುಗಿಯಿತು. ಬೀಗ ಹಾಕಿದ ಮೇಲೆ ಸಮಯ ಮುಗಿಯುವ ತನಕ ಅದು ಬಿಡುವುದಿಲ್ಲ. ಬೀಗಗಳಲ್ಲಿ ಒಂದು ಬಗೆ ಸ್ವಾರಸ್ಯದ್ದು: ಅರ್ಥವಿಲ್ಲದ ಉದ್ದನೆಯ ಅಕ್ಷರಸಾಲನ್ನು ತಪ್ಪಿಲ್ಲದೆ ಟೈಪ್ ಮಾಡಿದರೆ ತೆರೆಯುತ್ತದೆ. ಬಾಗಿಲು ಪೂರ್ತಿ ಮುಚ್ಚಿಲ್ಲ, ಆದರೆ ದಾಟುವುದಕ್ಕೆ ಕೂಲಿ ಕೆಲಸ ಮಾಡಬೇಕು. ಇದರಲ್ಲೇ ಇರುವ ಫ್ರೋಜನ್ ಟರ್ಕಿ ಎಂಬ ಆಯ್ಕೆ ನಿಮ್ಮನ್ನು ಕಂಪ್ಯೂಟರಿನಿಂದಲೇ ಹೊರಗೆ ಹಾಕುತ್ತದೆ. ಬಹಳ ಜನರಿಗೆ ಇದು ಗುಬ್ಬಿ ಮೇಲೆ ಬ್ರಹ್ಮಾಸ್ತ್ರ, ಆದರೂ ರಾತ್ರಿ ಕೆಲಸ ನಿಲ್ಲಿಸಲಾಗದವರಿಗೆ ಉಪಯೋಗಕ್ಕೆ ಬರುತ್ತದೆ. ಸೇವ್ ಮಾಡದ ಫೈಲ್ ಇಟ್ಟುಕೊಂಡು ಅದನ್ನು ಪರೀಕ್ಷಿಸಲು ಹೋಗಬೇಡಿ. ಹಾಕಿದ ಮೊದಲ ದಿನ ಬೀಗ 15 ನಿಮಿಷಕ್ಕಿರಲಿ. ಪಟ್ಟಿಯಲ್ಲಿ ಕೆಲಸದ ಸೈಟ್ ಸಿಕ್ಕಿಕೊಂಡಿದ್ದರೆ ಆಗಲೇ ತಿಳಿಯುತ್ತದೆ.

ಮ್ಯಾಕ್‌ಗೆ ಮಾತ್ರ ಇರುವ ಸೆಲ್ಫ್‌ಕಂಟ್ರೋಲ್ ಉಚಿತ, ಅದರ ಮೂಲ ಕೋಡ್ ಕೂಡ ಮುಕ್ತ. ತಡೆಯಬೇಕಾದ ಸೈಟುಗಳ ಪಟ್ಟಿ ಹಾಕಿ, ಎಷ್ಟು ಹೊತ್ತು ಎಂದು ತೋರಿಸುವ ಗೀಟನ್ನು ಎಳೆದು ಶುರು ಮಾಡಿದರೆ ರೀಸ್ಟಾರ್ಟ್ ಮಾಡಿದರೂ, ಆ್ಯಪನ್ನೇ ಅಳಿಸಿದರೂ ಸಮಯ ಮುಗಿಯುವ ತನಕ ತಡೆ ಹೋಗದು. ಗೀಟು ಕೈಜಾರಿ 24 ಗಂಟೆಗೆ ಹೋದರೆ ಪಶ್ಚಾತ್ತಾಪಕ್ಕೆ ಬಟನ್ ಇಲ್ಲ.

ಮರ ಬೆಳೆಸುವ ಫಾರೆಸ್ಟ್ ತರದ ಆ್ಯಪ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆ್ಯಪ್ ಬಿಟ್ಟು ಹೊರಗೆ ಹೋದರೆ ಪರದೆಯ ಗಿಡ ಒಣಗುತ್ತದೆ, ಕೆಲವರಿಗೆ ಆ ಕನಿಕರ ಸಾಕಾಗುತ್ತದೆ. ತೊಂದರೆಯೆಂದರೆ ಗಿಡ ನೋಡುವ ನೆಪದಲ್ಲಿ ಫೋನ್ ಮೇಜಿನ ಮೇಲೇ ಉಳಿಯುತ್ತದೆ. ಟೆಕ್ಸಾಸ್ ವಿಶ್ವವಿದ್ಯಾಲಯದ ಏಡ್ರಿಯನ್ ವಾರ್ಡ್ ತಂಡ 2017ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಮೌನವಾಗಿದ್ದ ಫೋನ್ ಕಣ್ಣೆದುರು ಇದ್ದವರಿಗಿಂತ ಬೇರೆ ಕೋಣೆಯಲ್ಲಿ ಬಿಟ್ಟು ಬಂದವರು ಯೋಚನೆಯ ಪರೀಕ್ಷೆಗಳಲ್ಲಿ ಚೆನ್ನಾಗಿ ಮಾಡಿದರು. ಆಮೇಲಿನ ಎಲ್ಲ ಪ್ರಯೋಗಗಳಲ್ಲೂ ಅದೇ ಫಲ ಬಂದಿಲ್ಲ. ಆದರೂ ಡ್ರಾಯರಿಗೆ ಹಾಕಿ ನೋಡಲು ಖರ್ಚೇನು?

ಚಾಟ್‌ನ ಬಾಯಿ ಮುಚ್ಚಿಸುವುದು

ಎಲ್ಲ ನೋಟಿಫಿಕೇಶನ್ ಒಮ್ಮೆಲೇ ಕಿತ್ತುಹಾಕುವುದು ಪರಿಹಾರವಲ್ಲ. 2019ರಲ್ಲಿ ನಿಕೊಲಸ್ ಫಿಟ್ಜ್ ಮತ್ತಿತರರು ನಡೆಸಿದ ಪ್ರಯೋಗದಲ್ಲಿ ನೋಟಿಫಿಕೇಶನ್‌ಗಳನ್ನು ದಿನಕ್ಕೆ ಮೂರು ಕಂತಿನಲ್ಲಿ ಪಡೆದವರು ಹೆಚ್ಚು ನೆಮ್ಮದಿಯಾಗಿದ್ದರು, ಪೂರ್ತಿ ನಿಲ್ಲಿಸಿಕೊಂಡವರಲ್ಲಿ ಏನೋ ತಪ್ಪಿಹೋಯಿತೆಂಬ ಆತಂಕ ಏರಿತು. ನೋಟಿಫಿಕೇಶನ್‌ಗಳನ್ನು ಕೂಡಿಟ್ಟು ಹೇಳಿದ ಹೊತ್ತಿಗೆ ಒಟ್ಟಿಗೆ ತೋರಿಸುವ ಐಫೋನಿನ ಶೆಡ್ಯೂಲ್ಡ್ ಸಮರಿಯಲ್ಲಿ ಇದನ್ನು ಹಾಗೇ ಮಾಡಬಹುದು: 11, 2, 5 ಗಂಟೆ ಎಂದು ಇಟ್ಟುಬಿಡಿ. ಮೇಲ್‌ಗೂ ಇದೇ ಮೂರು ಹೊತ್ತು ಸಾಕು.

ತುರ್ತಿಗೆ ಮಾತ್ರ ಒಂದು ದಾರಿ ಬಿಟ್ಟಿರಬೇಕು. ಕಚೇರಿ ಚಾಟ್ ಆ್ಯಪ್ ಆದ ಸ್ಲ್ಯಾಕ್‌ನಲ್ಲಿ ನೋಟಿಫಿಕೇಶನ್ ನಿಲ್ಲಿಸಿದ್ದರೂ ನೇರ ಮೆಸೇಜ್ ಕಳಿಸಿದವರಿಗೆ "ಆದರೂ ತಿಳಿಸು" ಎಂದು ಒತ್ತುವ ಅವಕಾಶವಿದೆ. ಅಂಥದ್ದೇ ಇನ್ನೊಂದು ಆ್ಯಪ್ ಮೈಕ್ರೋಸಾಫ್ಟ್ ಟೀಮ್ಸ್‌ನಲ್ಲಿ ಅರ್ಜೆಂಟ್ ಗುರುತು ಹಾಕಿದ ಮೆಸೇಜ್ ನೋಡುವ ತನಕ ಎರಡು ನಿಮಿಷಕ್ಕೊಮ್ಮೆ, 20 ನಿಮಿಷ ಬಡಿಯುತ್ತಲೇ ಇರುತ್ತದೆ. ಒಂದು ತಂಡದಲ್ಲಿ ಒಬ್ಬರು ಅದನ್ನು ಚಿಲ್ಲರೆ ವಿಷಯಕ್ಕೆ ಬಳಸತೊಡಗಿದರೆ ಉಳಿದವರ ಫೋಕಸ್ ಸೆಟ್ಟಿಂಗೆಲ್ಲ ನೀರಿನಲ್ಲಿ ಹೋಮ. "ನಿಜವಾಗಿ ತುರ್ತಾದರೆ ಫೋನ್ ಮಾಡಿ, ಉಳಿದದ್ದಕ್ಕೆ ಎರಡು ಗಂಟೆಯೊಳಗೆ ಉತ್ತರ" ಎಂದು ತಂಡದಲ್ಲಿ ಮೊದಲೇ ಮಾತಾಡಿಕೊಂಡು, ಸ್ಟೇಟಸ್‌ನಲ್ಲೂ ಬರೆದು ಹಾಕಿ. ಈ ಒಪ್ಪಂದವಿಲ್ಲದೆ ಒಬ್ಬರೇ ಫೋಕಸ್ ಹಾಕಿಕೊಂಡರೆ ಒಳಗೊಳಗೇ ತಪ್ಪಿತಸ್ಥ ಭಾವ ಕಾಡಿ, ಹತ್ತು ನಿಮಿಷಕ್ಕೊಮ್ಮೆ ಇಣುಕುವುದೇ ಆಗುತ್ತದೆ.

ತಲೆ ದಣಿದಾಗ

ಈ ಮೇಲಿನ ಯಾವ ಟೂಲೂ ದಣಿವನ್ನು ಕಳೆಯುವುದಿಲ್ಲ, ಕಳೆಯುತ್ತೇನೆಂದು ಹೇಳುವ ಆ್ಯಪನ್ನು ನಂಬಲೂಬೇಡಿ. 25 ನಿಮಿಷ ಕೆಲಸ, 5 ನಿಮಿಷ ಬಿಡುವು, ನಾಲ್ಕು ಸುತ್ತಾದ ಮೇಲೆ 15ರಿಂದ 30 ನಿಮಿಷ ವಿಶ್ರಾಂತಿ ಎಂಬ ಪೊಮೊಡೊರೊ ಲೆಕ್ಕ 1980ರ ದಶಕದ ಕೊನೆಯಲ್ಲಿ ಫ್ರಾನ್ಸೆಸ್ಕೊ ಚಿರಿಲ್ಲೊ ತನ್ನ ಓದಿಗೆಂದು ಮಾಡಿಕೊಂಡದ್ದು. ಬಿಲ್ಲು ನಮೂದಿಸುವುದು, ಉತ್ತರಪತ್ರಿಕೆ ತಿದ್ದುವುದು ಇಂಥ ಕೆಲಸಕ್ಕೆ ಚೆನ್ನಾಗಿ ಹೊಂದುತ್ತದೆ. ಕೋಡ್ ಬರೆಯುವವರಿಗೆ, ವರದಿ ತಯಾರಿಸುವವರಿಗೆ ಕೈ ಕುದುರುವ ಹೊತ್ತಿಗೇ ಗಂಟೆ ಹೊಡೆಯುತ್ತದೆ. ಅವರು 50ಕ್ಕೆ 10 ಇಟ್ಟುಕೊಳ್ಳಲಿ. ಯಾವ ಲೆಕ್ಕವಾದರೂ ಬಿಡುವಿನಲ್ಲಿ ಫೋನ್ ನೋಡಿದರೆ ಅದು ಬಿಡುವೇ ಅಲ್ಲ, ಕಣ್ಣು, ತಲೆ ಎರಡಕ್ಕೂ ಹೊಸ ಕೆಲಸ. ಎದ್ದು ನೀರು ಕುಡಿದು, ಕಿಟಕಿಯಾಚೆ ಆರೇಳು ಮೀಟರ್ ದೂರದ್ದನ್ನು ನೋಡುತ್ತ ನಾಲ್ಕು ಹೆಜ್ಜೆ ಹಾಕಿ.

ಮೀಟಿಂಗುಗಳ ಸರಪಳಿಗೆ ಮಾತ್ರ ಸಾಫ್ಟ್‌ವೇರ್ ಪರಿಹಾರವಿದೆ. ಗೂಗಲ್ ಕ್ಯಾಲೆಂಡರಿನ ಸ್ಪೀಡಿ ಮೀಟಿಂಗ್ಸ್ ಆನ್ ಮಾಡಿದರೆ ಹೊಸದಾಗಿ ಕರೆಯುವ ಅರ್ಧ ಗಂಟೆಯ ಮೀಟಿಂಗ್ 25ಕ್ಕೆ, ಒಂದು ಗಂಟೆಯದು 50ಕ್ಕೆ ಇಳಿಯುತ್ತದೆ. ಔಟ್‌ಲುಕ್‌ನಲ್ಲೂ ಕ್ಯಾಲೆಂಡರ್ ಆಯ್ಕೆಗಳಲ್ಲಿ ಇಂಥದ್ದೇ ಇದೆ. ಮೈಕ್ರೋಸಾಫ್ಟ್ 2021ರಲ್ಲಿ 14 ಜನರ ತಲೆಗೆ ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆಯುವ ಇಇಜಿ ಸಾಧನ ಕಟ್ಟಿ ನೋಡಿದಾಗ, ಅರ್ಧರ್ಧ ಗಂಟೆಯ ನಾಲ್ಕು ಮೀಟಿಂಗುಗಳು ಒಂದರ ಹಿಂದೊಂದು ಬಂದರೆ ಒತ್ತಡದ ಗುರುತಾದ ಬೀಟಾ ಅಲೆಗಳು ಏರುತ್ತ ಹೋದವು, ನಡುವೆ ಬಿಡುವು ಕೊಟ್ಟ ದಿನ ಏರಲಿಲ್ಲ. ಜನ ಕಡಿಮೆ, ನಡೆಸಿದ್ದು ಸಾಫ್ಟ್‌ವೇರ್ ಮಾರುವ ಕಂಪನಿಯೇ ಎಂಬ ಎಚ್ಚರವಿರಲಿ.

ಇಡೀ ಪಟ್ಟಿಯಲ್ಲಿ ಚಾರ್ಜ್ ಬೇಡದ ಒಂದು ಟೂಲ್ ಉಳಿಯಿತು: ಒಂದು ಚೀಟಿ, ಒಂದು ಪೆನ್ನು. ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನದ ಒಂದಿಷ್ಟು ಪಾಲು ಹಿಂದಿನದರಲ್ಲೇ ಅಂಟಿಕೊಂಡಿರುತ್ತದೆ ಎಂದು ಸೋಫಿ ಲೆರಾಯ್ 2009ರಲ್ಲಿ ತೋರಿಸಿದರು. ಎಲ್ಲಿಗೆ ನಿಂತಿದೆ, ಮರಳಿ ಬಂದಾಗ ಮೊದಲು ಏನು ಮಾಡಬೇಕು ಎಂದು ಏಳುವ ಮುನ್ನ ಬರೆದಿಟ್ಟರೆ ಆ ಅಂಟು ಸಡಿಲವಾಗುತ್ತದೆ. "ವರದಿ ಮುಗಿಸಬೇಕು" ಎಂದು ಬರೆದರೆ ಪ್ರಯೋಜನವಿಲ್ಲ. "ನಾಲ್ಕನೇ ಕೋಷ್ಟಕದ ಒಟ್ಟು ಮೊತ್ತ ಕೂಡುತ್ತಿಲ್ಲ, ಮಾರ್ಚ್ ಸಾಲಿನಿಂದ ಮತ್ತೆ ನೋಡು" ಎನ್ನುವಷ್ಟು ಖಚಿತವಾಗಿರಬೇಕು. ಬರೆಯಲು 20 ಸೆಕೆಂಡ್ ಸಾಕು.

ಹಾಕಿಕೊಳ್ಳುವ ಕ್ರಮ ಹೀಗಿರಲಿ. ಮೊದಲ ವಾರ ಕಂಪ್ಯೂಟರ್, ಫೋನ್ ಎರಡರ ಫೋಕಸ್ ಮತ್ತು ತಂಡದ ಒಪ್ಪಂದ, ಅಷ್ಟೇ. ಎರಡನೇ ವಾರ ಲೀಚ್‌ಬ್ಲಾಕ್‌ನ 60 ಸೆಕೆಂಡಿನ ಕಾಯುವಿಕೆ. ಆಫೀಸಿನ ಲ್ಯಾಪ್‌ಟಾಪ್ ಆದರೆ ಐಟಿಯವರನ್ನು ಕೇಳದೆ ಹಾಕಬೇಡಿ. ಇಂಥ ಎಕ್ಸ್‌ಟೆನ್ಶನ್‌ಗೆ ನೀವು ತೆರೆಯುವ ಎಲ್ಲ ಪುಟಗಳನ್ನೂ ನೋಡುವ ಅನುಮತಿ ಕೊಡಬೇಕಾಗುತ್ತದೆ, ಕೋಲ್ಡ್ ಟರ್ಕಿ ಹಾಕಲು ಕಂಪ್ಯೂಟರಿನ ಮೇಲೆ ಪೂರ್ತಿ ಅಧಿಕಾರ ಕೊಡುವ ಅಡ್ಮಿನ್ ಹಕ್ಕೇ ಬೇಕು. ಕೋಲ್ಡ್ ಟರ್ಕಿಗೆ ದುಡ್ಡು ಹಾಕುವುದು ಮೂರನೇ ವಾರದ ಮಾತು. ಅದೂ ಲೀಚ್‌ಬ್ಲಾಕ್ ತಪ್ಪಿಸಿಕೊಳ್ಳಲು ಇನ್ನೊಂದು ಬ್ರೌಸರ್ ಇನ್‌ಸ್ಟಾಲ್ ಮಾಡಿಕೊಂಡಿದ್ದರೆ ಮಾತ್ರ.